ಮಾದಪ್ಪನ ಸಾಲುಗಳಲ್ಲಿ ತಾರತಮ್ಯ

೧

ಕಾವ್ಯವೊಂದರ ಭಾಗಗಳನ್ನು ಎದುರಿಗಿಟ್ಟುಕೊಂಡು ಇದು ಮೇಲು, ಇದು ಅದಕ್ಕಿಂತ ಕಡಮೆ ಎಂದು ಹೇಳಹೊರಡುವುದು ಎಲ್ಲರಿಗೂ ರುಚಿಸುವ ಕೆಲಸವಲ್ಲ. ಅದರಲ್ಲಿಯೂ ಆ ಕಾವ್ಯವು ದೇವರ ಕಾವ್ಯವಾಗಿದ್ದು, ಹಾಡುವವರು ದೀಕ್ಷೆ ಪಡೆದ ಗುಡ್ಡರೂ ಕೇಳುವವರು ಹರಕೆ ಹೊತ್ತ ಭಕ್ತರೂ ಆಗಿರುವಾಗ, ತಕ್ಕಡಿ ಹಿಡಿದು ನಿಲ್ಲುವ ವಿಮರ್ಶಕನು ಉದ್ಧಟನಂತೆ ಕಾಣಬಹುದು. ಆದರೆ ವಿಚಾರಿಸಿ ನೋಡಿದರೆ, ಮಲೆಯ ಮಾದೇಶ್ವರನ ಕಾವ್ಯವನ್ನು ಹಾಡುವ ದೇವರಗುಡ್ಡರೇ ಪ್ರತಿ ಸಲವೂ ಈ ತಾರತಮ್ಯವನ್ನು ಮಾಡುತ್ತ ಬಂದಿರುವರು. ಇಡೀ ಕಾವ್ಯವು ಒಂದು ರಾತ್ರಿಗೆ ಮುಗಿಯುವಂಥದಲ್ಲ. ಯಾವ ಊರು, ಯಾವ ಮನೆ, ಯಾವ ಹೊತ್ತು, ಕೇಳುವವರು ಯಾರು ಎಂಬುದನ್ನು ನೋಡಿ ಅವರು ಒಂದು ಸಾಲನ್ನು ಎತ್ತಿಕೊಳ್ಳುವರು, ಉಳಿದುವನ್ನು ಬಿಡುವರು. ಆರಿಸುವುದೆಂದರೆ ತೂಗುವುದೇ. ಆ ತೂಕದ ಕಾರಣಗಳನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಈಗ ಆ ಆಯ್ಕೆ ಬಹುಮಟ್ಟಿಗೆ ಹಾಡುಗಾರನ ಕೈ ತಪ್ಪಿದೆ. ಉತ್ಸವ ಸಮಿತಿಯವರು ಹತ್ತು ನಿಮಿಷ ಕೊಡುವರು. ಚಲನಚಿತ್ರದವರು ಒಂದು ಪಲ್ಲವಿಯನ್ನು ಎತ್ತಿಕೊಳ್ಳುವರು. ಮೊಬೈಲಿನಲ್ಲಿ ಕೇಳುವವನು ಬೇಸರ ಬಂದೊಡನೆ ಮುಂದಿನದಕ್ಕೆ ಹೋಗುವನು. ಹೀಗೆ ಕಾವ್ಯವನ್ನು ಬಲ್ಲವನ ಆಯ್ಕೆ ಹೋಗಿ, ಬಲ್ಲದವರ ಆಯ್ಕೆ ಬಂದಿರುವಾಗ, ಯಾವುದನ್ನು ಉಳಿಸಿಕೊಂಡರೆ ಕಾವ್ಯವು ಉಳಿದೀತು ಎಂಬ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳಬೇಕಾಗಿದೆ. ಚಾಮರಾಜನಗರ, ಗುಂಡ್ಲುಪೇಟೆಗಳ ಓದುವ ಮನೆಗಳಲ್ಲಿ ಈ ವಿಚಾರ ನಡೆಯದಿದ್ದರೆ ಬೇರೆಲ್ಲಿ ನಡೆದೀತು?

ಪ್ರಸ್ತುತ ಕಾವ್ಯದ ಘಟಕಕ್ಕೆ ‘ಸಾಲು’ ಎಂದು ಹೆಸರು. ಸಾಲೆಂದರೆ ಇಲ್ಲಿ ಒಂದು ಪಂಕ್ತಿಯಲ್ಲ, ಒಂದು ಪೂರ್ಣ ಕಥೆ. ಸಾಮಾನ್ಯವಾಗಿ ಏಳು ಸಾಲುಗಳನ್ನು ಎಣಿಸುವ ರೂಢಿಯುಂಟು: ಮಾದೇಶ್ವರನ ಹುಟ್ಟು ಮತ್ತು ಮಠವಾಸದ ಸಾಲು, ಶ್ರವಣ ದೊರೆಯ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸರಗೂರಯ್ಯನ ಸಾಲು. ಹಾಡುಗಾರನಿಂದ ಹಾಡುಗಾರನಿಗೆ ವಿವರಗಳು ಬೇರೆಯಾಗುವುದುಂಟು. ಎರಡನ್ನು ಕೂಡಿಸಿ ಒಂದು ಮಾಡುವುದೂ ಉಂಟು. ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿದ ಪಾಠವು ೧೯೭೩ರಲ್ಲಿ ಅಚ್ಚಾಯಿತು. ಹೆಬ್ಬಣಿ ಮಾದಯ್ಯ ಮತ್ತು ಅವರ ಸಂಗಡಿಗರು ಹಾಡಿದ ಪಾಠವನ್ನು ಕೇಶವನ್ ಪ್ರಸಾದ್ ಅವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯವು ೧೯೯೭ರಲ್ಲಿ ಪ್ರಕಟಿಸಿತು. ೨೦೦೧ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷ್ ಅನುವಾದವೂ ಬಂದಿತು. ಆದುದರಿಂದ ಗ್ರಂಥವಿಲ್ಲವೆಂಬ ನೆಪ ನಮಗಿಲ್ಲ. ಇರುವುದನ್ನು ಓದಿ, ಹಾಡಿದ್ದನ್ನು ಕೇಳಿ, ಅಭಿಪ್ರಾಯ ಹೇಳುವುದಷ್ಟೆ ಉಳಿದಿದೆ.

ಇನ್ನೊಂದು ಮಾತು. ಚಾಮರಾಜನಗರವು ಜಿಲ್ಲೆಯಾದುದು ೧೯೯೭ರಲ್ಲಿ. ೧೯೫೬ಕ್ಕೆ ಮುಂಚೆ ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರು ಸೀಮೆಯಲ್ಲಿಯೂ, ಮಾದಪ್ಪನ ಬೆಟ್ಟವಿದ್ದ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿಯೂ ಇದ್ದುವು. ಕಾಗದದ ಮೇಲೆ ಎರಡು ಸೀಮೆ, ಹಾಡಿನಲ್ಲಿ ಒಂದೇ. ಶಿವರಾತ್ರಿ, ಯುಗಾದಿ, ದೀಪಾವಳಿಗಳ ಜಾತ್ರೆಗೆ ಹೊರಟ ಪರಸೆಯವರು ಯಾವ ಗಡಿಯನ್ನೂ ಎಣಿಸಲಿಲ್ಲ. ಈಗ ಜಿಲ್ಲೆಯೆಂದು ನಾವು ಕರೆಯುವುದನ್ನು ಈ ಕಾವ್ಯವು ಸರ್ಕಾರಕ್ಕಿಂತ ಬಹಳ ಹಿಂದೆಯೇ ಕಟ್ಟಿತ್ತು.

೨

ಸಾಲುಗಳ ಗುಣವನ್ನು ನೋಡುವ ಮುಂಚೆ ಅವುಗಳನ್ನು ಹೊತ್ತುನಡೆಯುವ ವಾದ್ಯವನ್ನು ಕುರಿತು ಎರಡು ಮಾತು ಅವಶ್ಯ. ಏಕೆಂದರೆ ಇಲ್ಲಿ ವಾದ್ಯವು ಹಾಡಿನ ಅಲಂಕಾರವಲ್ಲ, ಹಾಡಿನ ಅರ್ಧ. ಕಂಸಾಳೆಯೆಂಬುದು ಕಂಚಿನ ತಾಳದ ಜೋಡಿ. ಒಂದು ನಡುವೆ ಗುಳಿಯಿರುವ ಬಟ್ಟಲು, ಅದು ಎಡಗೈಯಲ್ಲಿರುವುದು. ಇನ್ನೊಂದು ಚಪ್ಪಟೆಯಾದ ತಾಳ. ಅದಕ್ಕೆ ದಾರವೂ ಗೊಂಡೆಯೂ ಇದ್ದು, ಬಲಗೈ ಅದನ್ನು ಬೀಸಿ ಬಟ್ಟಲಿಗೆ ತಾಗಿಸುವುದು. ಕುಳಿತು ಕಥೆ ಹೇಳುವಾಗ ಈ ತಾಳ ಮೆಲ್ಲನೆ ನಡೆಯುವುದು. ನಿಂತು ಕುಣಿಯುವ ಬೀಸು ಕಂಸಾಳೆಯಲ್ಲಾದರೋ ತಾಳವು ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಕೆಳಗೆ ಸುತ್ತಿ ಬಂದು, ಹತ್ತು ಹನ್ನೆರಡು ಜನರ ಕೈಯಲ್ಲಿ ಒಂದೇ ಪೆಟ್ಟಾಗಿ ಬೀಳುವುದು. ಆ ನಾದವನ್ನು ಬಯಲಿನಲ್ಲಿ ಕೇಳಿದವರಿಗೆ ಅದರ ತೂಕವನ್ನು ಬಣ್ಣಿಸಬೇಕಾಗಿಲ್ಲ.

ಇಂದಿನ ತರುಣರು ‘ಹೆವಿ ಮೆಟಲ್’ ಎಂಬ ಪಾಶ್ಚಾತ್ಯ ಸಂಗೀತವನ್ನು ಕೇಳುವರು. ಹೆಸರಿಗೆ ಅದು ಭಾರದ ಲೋಹ. ಕೇಳುವುದಕ್ಕೆ ವಿದ್ಯುತ್ ಗಿಟಾರಿನ ಗರ್ಜನೆ ಮತ್ತು ನಗಾರಿಯ ಹೊಡೆತ. ಅದನ್ನು ಗದ್ದಲವೆಂದು ತಳ್ಳುವ ಹಿರಿಯರೂ, ಕಂಸಾಳೆಯನ್ನು ಹಳ್ಳಿಯ ಸದ್ದೆಂದು ತಳ್ಳುವ ಕಿರಿಯರೂ ಒಂದೇ ತಪ್ಪನ್ನು ಮಾಡುತ್ತಿರುವರೆಂದು ನಮಗೆ ತೋರುವುದು. ಬ್ರೆಜಿಲ್ ದೇಶದ ಸೆಪುಲ್ಟುರಾ ಎಂಬ ವಾದ್ಯವೃಂದವು ಈ ಜಾತಿಯ ಸಂಗೀತಕ್ಕೆ ಹೆಸರಾದುದು. ೧೯೯೬ರಲ್ಲಿ ಹೊರಟ ಅದರ ‘ರೂಟ್ಸ್’ ಎಂಬ ಧ್ವನಿಸಂಪುಟದಲ್ಲಿ ಆ ದೇಶದ ಮೂಲನಿವಾಸಿಗಳಾದ ಷವಾಂತೆ ಜನರ ಹಾಡು ಸೇರಿದೆ. ವಾದ್ಯಗಾರರು ಮಾಟೊ ಗ್ರೊಸೊ ಪ್ರಾಂತದಲ್ಲಿರುವ ಅವರ ಹಳ್ಳಿಗೇ ಹೋಗಿ, ಅವರೊಡನೆ ಕುಳಿತು ‘ಇತ್ಸಾರಿ’ ಎಂಬ ಭಾಗವನ್ನು ಧ್ವನಿಮುದ್ರಿಸಿಕೊಂಡರು. ಆ ಸಂಪುಟದ ಬಹುಭಾಗ ಅಬ್ಬರವೇ. ಆದರೆ ಷವಾಂತೆ ಜನರ ಕಂಠ ಕೇಳಿಸುವ ಈ ಎಡೆಯಲ್ಲಿ ವಿದ್ಯುತ್ತಿನ ಗರ್ಜನೆ ಹಿಂದೆ ಸರಿದು, ಸಾದಾ ಗಿಟಾರು ಮತ್ತು ತಾಳಗಳಷ್ಟೆ ಜೊತೆಗಿರುತ್ತವೆ. ಆ ಸಂಪುಟವನ್ನು ತೂಗಿ ನೋಡಿದರೆ ಅತ್ಯಂತ ಭಾರವಾದ ಭಾಗವು ಅತ್ಯಂತ ಮೆಲ್ಲನೆಯದೇ ಎಂದು ನಾವು ಹೇಳುವೆವು. ಲೋಹವು ಸುಮ್ಮನಾಗಬಲ್ಲುದು, ಸುಮ್ಮನಾದಾಗ ಅದರ ಕಾವು ಹೆಚ್ಚುವುದು ಎಂಬ ಈ ಪಾಠವು ನಮ್ಮ ಕಂಚಿಗೂ ಅನ್ವಯಿಸುತ್ತದೆ. ಆದರೆ ಒಂದು ವ್ಯತ್ಯಾಸವುಂಟು. ಅಲ್ಲಿ ನೆಲದ ಹಾಡು ಹೊರಗಿನಿಂದ ಬಂದು ಸೇರಿದ ಒಂದು ಅಂಶ. ಇಲ್ಲಿ ಕಂಚೂ ಕಥೆಯೂ ಒಂದೇ ನೆಲದವು.

ಇನ್ನು ಅಳತೆಗೋಲು. ದೇವರ ಮಹಿಮೆ ಎಲ್ಲಿ ಹೆಚ್ಚು ಎಂದು ನೋಡಿ ತಾರತಮ್ಯ ಮಾಡಿದರೆ ಅದು ಭಕ್ತನ ಅಳತೆಯಾದೀತು. ಆ ಅಳತೆಯಲ್ಲಿ ಏಳೂ ಸಮ. ಕಾವ್ಯದ ಅಳತೆಗೆ ನಾವು ಒಂದೇ ಪ್ರಶ್ನೆಯನ್ನು ಇಟ್ಟುಕೊಂಡಿರುವೆವು: ದೇವರು ಬಂದು ನಿಲ್ಲುವುದಕ್ಕೆ ಮುಂಚೆ ಆ ಸಾಲಿನಲ್ಲಿ ಏನಿದೆ? ಮಾದಪ್ಪನು ಮಾಯಕಾರ. ಅವನು ಬಂದಮೇಲೆ ಏನು ಬೇಕಾದರೂ ನಡೆದೀತು. ಅವನು ಬರುವ ಮುಂಚೆ ಮನುಷ್ಯರು ತಮ್ಮ ಕಾಲಮೇಲೆ ನಿಂತು, ತಮ್ಮ ಕಾರಣಕ್ಕಾಗಿ ನಡೆಯುತ್ತಿದ್ದರೆ, ಆ ಸಾಲಿಗೆ ಕಾವ್ಯದ ಬಲವುಂಟು. ಅವನ ಪವಾಡಕ್ಕಾಗಿಯೇ ಅವರನ್ನು ತಂದು ನಿಲ್ಲಿಸಿದ್ದರೆ, ಆ ಸಾಲು ಉಪದೇಶದ ಮಟ್ಟದಲ್ಲಿ ನಿಲ್ಲುವುದು.

೩

ಈ ಅಳತೆಯಲ್ಲಿ ಕೆಳಗಿನ ಎರಡು ಸ್ಥಾನಗಳು ಇಕ್ಕೇರಿ ದೇವಮ್ಮನಿಗೂ ಬೇವಿನಹಟ್ಟಿ ಕಾಳಮ್ಮನಿಗೂ ಸಲ್ಲುತ್ತವೆ. ಇಬ್ಬರೂ ಸಿರಿವಂತೆಯರು, ಇಬ್ಬರಿಗೂ ಸಿರಿಯ ಸೊಕ್ಕು, ಬಾಗಿಲಿಗೆ ಬಂದ ಜಂಗಮನಿಗೆ ಭಿಕ್ಷೆಯಿಲ್ಲವೆಂದು ಹೇಳಿ, ಆ ಜಂಗಮನು ಯಾರೆಂಬುದನ್ನು ಪಾಡುಪಟ್ಟು ಅರಿಯುವರು. ದೇವರು ಬರುವ ಮುಂಚೆ ಇಲ್ಲಿರುವುದು ಸೊಕ್ಕು ಮಾತ್ರ. ಮುರಿಯುವುದಕ್ಕಾಗಿಯೇ ಕಟ್ಟಿದ ಸೊಕ್ಕು. ಇದೇ ಜಿಲ್ಲೆಯಲ್ಲಿ ನೀಲಗಾರರು ತಂಬೂರಿಯೊಡನೆ ಹಾಡುವ ಮಂಟೇಸ್ವಾಮಿಯ ಕಾವ್ಯವನ್ನು ಪಕ್ಕದಲ್ಲಿಟ್ಟರೆ ಕೊರತೆ ಇನ್ನೂ ಸ್ಪಷ್ಟವಾದೀತು. ಅಲ್ಲಿ ಸಿದ್ದಪ್ಪಾಜಿಯು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋಗುವನು. ಅವರೂ ಕೊಡದವರೇ, ಅವನನ್ನು ಕಠಿನವಾದ ಪರೀಕ್ಷೆಗಳಿಗೆ ಗುರಿಮಾಡುವವರೇ. ಆದರೆ ಅವರ ನಿರಾಕರಣೆಯ ಹಿಂದೆ ಒಂದು ಕುಲುಮೆಯಿದೆ, ಒಂದು ಕಸಬಿನ ಹೆಮ್ಮೆಯಿದೆ. ಎದುರಾಳಿಗೆ ಅಷ್ಟು ತೂಕವಿರುವುದರಿಂದ ಸಿದ್ದಪ್ಪಾಜಿಯ ಗೆಲವಿಗೂ ತೂಕ ಬಂದಿದೆ. ದೇವಮ್ಮ ಕಾಳಮ್ಮರಿಗೆ ಆ ಭಾಗ್ಯವಿಲ್ಲ.

ಆದರೂ ಈ ಎರಡು ಸಾಲುಗಳನ್ನು ಬರಿಯ ಪುಸ್ತಕದಿಂದ ಅಳೆದರೆ ಅನ್ಯಾಯವಾದೀತು. ಹಾಡುವ ದೇವರಗುಡ್ಡನು ತಾನೇ ಜೋಳಿಗೆ ಹೊತ್ತು ಮನೆಯ ಬಾಗಿಲಲ್ಲಿ ನಿಲ್ಲುವವನು. ಭಿಕ್ಷೆಯಿಲ್ಲವೆಂದವಳ ಕಥೆಯನ್ನು, ಭಿಕ್ಷೆ ಬೇಡುವವನೇ, ಭಿಕ್ಷೆ ಕೊಡಬೇಕಾದವಳ ಮುಂದೆ ಹಾಡುವಾಗ, ಆ ಕಥೆಗೆ ಅಚ್ಚಿನಲ್ಲಿಲ್ಲದ ಒಂದು ಮೊನೆ ಬರುವುದು. ಜಗುಲಿಯ ಮೇಲೆ ಅದು ಚುಚ್ಚುವ ಹಾಸ್ಯ. ರಂಗಮಂದಿರದ ಮೇಲೆ ಬರಿಯ ನೀತಿಕಥೆ. ಸ್ಥಳ ಬದಲಾದರೆ ಸಾಲಿನ ಸ್ಥಾನವೂ ಬದಲಾಗುವುದೆಂಬುದಕ್ಕೆ ಇವೆರಡೇ ಸಾಕ್ಷಿ. ಎರಡರಲ್ಲಿ ಯಾವುದು ಮೇಲೆಂಬುದನ್ನು ಹಾಡುವವನ ನಾಲಗೆಗೆ ಬಿಡುವೆವು.

ಐದನೆಯದು ಸರಗೂರಯ್ಯನ ಸಾಲು. ಭಕ್ತನೊಬ್ಬನು ದೇವರ ಸೇವೆಗೆ ಒಲಿದು ನಿಲ್ಲುವ ಕಥೆ ಇದು. ಬೆಟ್ಟದ ಮೇಲೆ, ಪರಸೆಯವರ ನಡುವೆ, ಇದಕ್ಕೆ ಸಲ್ಲುವ ಗೌರವ ದೊಡ್ಡದು. ಏಕೆಂದರೆ ಕೇಳುವ ಪ್ರತಿಯೊಬ್ಬನೂ ತನ್ನನ್ನು ಸರಗೂರಯ್ಯನ ಜಾಗದಲ್ಲಿ ನಿಲ್ಲಿಸಿಕೊಳ್ಳಬಲ್ಲನು. ಬೆಟ್ಟವನ್ನು ಇಳಿದಮೇಲೆ ಕಾವ್ಯವಾಗಿ ಉಳಿಯುವುದು ಅಷ್ಟಿಷ್ಟು.

ನಾಲ್ಕನೆಯದು ಜುಂಜೇಗೌಡನದು. ಆಲಂಬಾಡಿಯ ಜುಂಜೇಗೌಡನು ಹಾಲುಮತದ ಸಿರಿವಂತ, ದನಕರುಗಳ ಒಡೆಯ. ಅವನ ಹಸುವು ಹುತ್ತಕ್ಕೆ ಹಾಲು ಕರೆಯುವುದು, ಹುತ್ತದಲ್ಲಿ ದೇವರಿರುವುದು, ಗೌಡನು ಗುಡಿ ಕಟ್ಟಿಸುವುದು ಇದರ ಕಥೆ. ಹುತ್ತಕ್ಕೆ ಹಾಲು ಕರೆಯುವ ಹಸು ನಮ್ಮ ನಾಡಿನ ಅದೆಷ್ಟೋ ಸ್ಥಳಪುರಾಣಗಳಲ್ಲಿ ಇದೆ. ಅದು ಇಲ್ಲಿಯ ವಿಶೇಷವಲ್ಲ. ಇಲ್ಲಿಯ ವಿಶೇಷ ಆಲಂಬಾಡಿ. ಆ ಸೀಮೆಯ ಹೆಸರನ್ನು ಹೊತ್ತ ದನದ ತಳಿ ಇಂದಿಗೂ ಉಂಟು. ಕಥೆಯ ಗೌಡನ ಸಿರಿಯು ಕವಿಯ ಬಾಯಿಮಾತಿನ ಸಿರಿಯಲ್ಲ, ಕೊಂಬೂ ಗೊರಸೂ ಉಳ್ಳ ಸಿರಿ. ದೇವರು ಬರುವ ಮುಂಚೆ ಇಲ್ಲಿ ಒಂದು ದೊಡ್ಡ ಹಟ್ಟಿಯ ಬಾಳು ನಡೆಯುತ್ತಿದೆ. ಕಾಡಿನ ಅಂಚಿನ ದನಗಾಹಿಯ ಲೆಕ್ಕಾಚಾರ, ಭಯ, ಹೆಮ್ಮೆಗಳು ಇವೆ. ಗುಂಡ್ಲುಪೇಟೆಯ ಕಡೆ ಕಾಡಂಚಿನಲ್ಲಿ ದನ ಮೇಯಿಸಿದ ಹಿರಿಯರಿಗೆ ಈ ಸಾಲು ರುಚಿಸುವುದರ ಕಾರಣ ಇದೇ ಇರಬೇಕು. ಆದರೆ ಗೌಡನು ಭಕ್ತನಾಗುವುದು ಮೊದಲೇ ಗೊತ್ತಿರುವುದರಿಂದ ಕಥೆಯ ಬಿಗಿ ಕಡೆಯವರೆಗೆ ನಿಲ್ಲದು.

ಮೂರನೆಯ ಸ್ಥಾನವನ್ನು ಹುಟ್ಟು ಮತ್ತು ಮಠವಾಸದ ಸಾಲಿಗೆ ಕೊಡುವೆವು. ಉತ್ತರಾಜಮ್ಮನ ಮಗನಾಗಿ ಹುಟ್ಟುವ ಭಾಗವು ಪುರಾಣದ ಜಾಡಿನಲ್ಲಿ ನಡೆಯುವುದು; ಅದನ್ನು ಬೇಗ ದಾಟಬಹುದು. ರುಚಿಯಿರುವುದು ಮಠಗಳ ಭಾಗದಲ್ಲಿ. ಹುಲಿಯನ್ನೇರುವ ದೇವರು ಸುತ್ತೂರಿನ ಮಠದಲ್ಲಿ ಮರಿಯಾಗಿದ್ದು ರಾಗಿ ಬೀಸುವನು. ಲೋಕದ ಒಡೆಯನಿಗೆ ಬೀಸುಕಲ್ಲಿನ ಗೂಟ ಕೊಟ್ಟ ಈ ಕಲ್ಪನೆಯನ್ನು ಮಾರ್ಗಕವಿಗಳು ಮಾಡಲಾರರು. ಹಿಟ್ಟಿನ ಹೊತ್ತು, ಕೈಯ ಬೊಬ್ಬೆ, ಮಠದವರ ಗದರಿಕೆ ಇವೆಲ್ಲವನ್ನು ಬಲ್ಲವನೇ ಇದನ್ನು ಕಟ್ಟಬೇಕು. ನಮ್ಮ ಭಾಷೆಯೂ ಇಲ್ಲಿ ಕವಿಗೆ ಒಂದು ಉಪಕಾರ ಮಾಡಿದೆ. ರಾಗಿ ಬೀಸುವುದಕ್ಕೂ ಕಂಸಾಳೆ ಬೀಸುವುದಕ್ಕೂ ನಮ್ಮಲ್ಲಿ ಒಂದೇ ಕ್ರಿಯಾಪದ. ಗುಡ್ಡನ ಬಲಗೈಯಲ್ಲಿ ಕಂಚು ಸುತ್ತುತ್ತಿರುವಾಗ ಕಥೆಯಲ್ಲಿ ಕಲ್ಲು ಸುತ್ತುತ್ತಿರುವುದು. ನಮ್ಮ ತಾಯಂದಿರು, ಅಜ್ಜಿಯರು ಬೀಸುವ ಪದಗಳನ್ನು ಹಾಡಿದ್ದು ಇದೇ ಸುತ್ತಿಗೆ. ಹಾಡಿನ ಗತಿಯೂ ಕಥೆಯ ಕೆಲಸವೂ ಹೀಗೆ ಒಂದಾಗುವ ಎಡೆ ಈ ಕಾವ್ಯದಲ್ಲಿಯೇ ವಿರಳ. ಇದನ್ನು ಇನ್ನೂ ಮೇಲಿಡದಿರುವುದಕ್ಕೆ ಕಾರಣವೊಂದೇ: ಇಲ್ಲಿ ಕಷ್ಟಪಡುವವನು ದೇವರೇ, ಬೇಕೆಂದಾಗ ಆ ಕಷ್ಟವನ್ನು ಕೊಡವಿ ಏಳಬಲ್ಲವನು.

ಎರಡನೆಯದು ಶ್ರವಣ ದೊರೆಯ ಸಾಲು. ಬೀಸು ಕಂಸಾಳೆಯ ಅಬ್ಬರಕ್ಕೆ ಹೇಳಿಮಾಡಿಸಿದ ಸಾಲು ಇದು. ಬಂಕಾಪುರಿಯ ದೊರೆ ಶ್ರವಣನು ದೇವತೆಗಳನ್ನೆಲ್ಲ ಸೆರೆಗೆ ಹಾಕಿ ತನ್ನ ಮನೆಯ ಚಾಕರಿಗೆ ಹಚ್ಚಿರುವನು. ಪೂಜೆ ಪಡೆಯಬೇಕಾದವರು ಕಸ ಹೊಡೆಯುವ ಈ ನೋಟದಲ್ಲಿ ಹಾಡುಗಾರನಿಗೆ ಹಾಸ್ಯವೂ ಉಂಟು, ರೌದ್ರವೂ ಉಂಟು. ಕೇಳುವವರಲ್ಲಿ ಬಿಟ್ಟಿ ಚಾಕರಿಯನ್ನು ಕಂಡವರಿದ್ದರೆ ಅವರು ನಗುವುದು ದೇವತೆಗಳನ್ನು ನೋಡಿಯಲ್ಲ. ಆದರೆ ಈ ಸಾಲನ್ನು ಎತ್ತರಕ್ಕೆ ತಂದಿರುವುದು ಅಬ್ಬರವಲ್ಲ, ಅದರ ಮುಗಿತಾಯ. ಶ್ರವಣನನ್ನು ಮುಗಿಸುವುದು ತ್ರಿಶೂಲವಲ್ಲ, ಚಕ್ರವಲ್ಲ. ಹರಳಯ್ಯನು ಹೊಲಿದ ಪಾದರಕ್ಷೆ. ಬಸವಣ್ಣನವರಿಗಾಗಿ ಪಾದರಕ್ಷೆ ಮಾಡಿದ ಕಲ್ಯಾಣದ ಹರಳಯ್ಯನ ನೆನಪು ಈ ಹೆಸರಿನೊಡನೆ ಬಂದೇ ಬರುವುದು. ಅಲ್ಲಿ ಭಕ್ತಿಯ ಕಾಣಿಕೆಯಾದದ್ದು ಇಲ್ಲಿ ದೊರೆಯ ಮೃತ್ಯುವಾಗಿದೆ. ಮೂರು ಲೋಕದ ದೇವತೆಗಳ ಬಿಡುಗಡೆ ಊರ ಹೊರಗಿನ ಒಬ್ಬ ಕಸುಬುಗಾರನ ಉಳಿ ದಬ್ಬಳಗಳ ಮೇಲೆ ನಿಂತಿದೆಯೆಂದು ಹೇಳುವ ಕಾವ್ಯವು ಸಣ್ಣ ಕಾವ್ಯವಲ್ಲ. ಆದರೂ ಹರಳಯ್ಯನು ಇಲ್ಲಿ ಸಾಧನ, ಹೂಟ ದೇವರದು. ಆದುದರಿಂದ ಎರಡನೆಯದು.

೪

ಮೊದಲನೆಯ ಸ್ಥಾನ ಸಂಕಮ್ಮನಿಗೆ. ಇದರಲ್ಲಿ ನಮಗೆ ಸಂಶಯವಿಲ್ಲ. ಈ ತೀರ್ಮಾನಕ್ಕಾಗಿಯೇ ಮೇಲಿನ ಆರನ್ನೂ ತೂಗಿದೆವೆಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳುವೆವು.

ಸೋಲಿಗರ ನೀಲೇಗೌಡನು ಜೇನಿಗಾಗಿ ದೂರದ ಮಲೆಗೆ ಹೊರಟಿರುವನು. ಹಿಂದಿರುಗುವುದು ಎಂದಿಗೋ. ಹೊರಡುವ ಮುಂಚೆ ಹೆಂಡತಿಯನ್ನು ಕರೆದು, ತಾನಿಲ್ಲದಾಗ ಪರಪುರುಷನ ಮುಖ ನೋಡುವುದಿಲ್ಲವೆಂದು ಬಲಗೈ ಭಾಷೆ ಕೊಡು ಎನ್ನುವನು. ಸಂಕಮ್ಮನು ಕೊಡಲೊಲ್ಲಳು. ಅವಳು ಕೊಡಲೊಲ್ಲದಷ್ಟೂ ಅವನ ಸಂಶಯ ಬೆಳೆಯುವುದು. ಸಂಶಯ ಬೆಳೆದಷ್ಟೂ ಹಿಂಸೆ ಬೆಳೆಯುವುದು. ಕಡೆಗೆ ಅವಳನ್ನು ಬಂಧನದಲ್ಲಿಟ್ಟು ಅವನು ಜೇನುಮಲೆಗೆ ಹೋಗುವನು. ಆಮೇಲೆ ಅವಳು ಮಾದಪ್ಪನನ್ನು ನೆನೆಯುವಳು. ಅವನು ಜಂಗಮನಾಗಿ ಬಂದು ಬಿಡಿಸುವನು. ಅವನ ವರದಿಂದ ಹುಟ್ಟಿದ ಕಾರಯ್ಯ ಬಿಲ್ಲಯ್ಯರು ಮುಂದೆ ಅವನ ಶಿಶುಮಕ್ಕಳಾಗುವರು.

ನಮ್ಮ ಪ್ರಶ್ನೆಯನ್ನು ಇಲ್ಲಿಗೆ ಹಾಕಿ ನೋಡೋಣ. ದೇವರು ಬರುವ ಮುಂಚೆ ಏನಿದೆ? ಎಲ್ಲವೂ ಇದೆ. ಒಬ್ಬ ಗಂಡಸಿನ ಅಂಜಿಕೆಯಿದೆ. ಅದು ಪ್ರೀತಿಯ ವೇಷದಲ್ಲಿ ಹೊರಟು ಕ್ರೌರ್ಯವಾಗಿ ಮುಗಿಯುವುದು. ಒಬ್ಬ ಹೆಂಗಸಿನ ನಿರಾಕರಣೆಯಿದೆ. ಆ ನಿರಾಕರಣೆಯನ್ನು ಹಟವೆಂದು ತಿಳಿದವರು ಕಥೆಯನ್ನೇ ತಿಳಿಯಲಿಲ್ಲ. ಸಂಕಮ್ಮನಲ್ಲಿ ಮರೆಮಾಚತಕ್ಕದ್ದು ಏನೂ ಇಲ್ಲ. ಭಾಷೆ ಕೊಡುವುದು ಅವಳಿಗೆ ಸುಲಭ. ಕೊಟ್ಟಿದ್ದರೆ ಹಿಂಸೆಯೆಲ್ಲ ತಪ್ಪುತ್ತಿದ್ದಿತು. ಆದರೆ ಭಾಷೆ ಕೇಳುವುದೆಂದರೆ ಸಂಶಯಪಡುವುದು. ಭಾಷೆ ಕೊಡುವುದೆಂದರೆ ಆ ಸಂಶಯಕ್ಕೆ ಎಡೆಯುಂಟೆಂದು ಒಪ್ಪಿಕೊಳ್ಳುವುದು. ಮದ್ದೂ ಸಾಕ್ಷಿಯೂ ಬೇಡದ ನಿಜವನ್ನು ಆಣೆಗೆ ಒಡ್ಡಿದೊಡನೆ ಅದು ಅರ್ಧ ಸುಳ್ಳಾಗುವುದು. ಇಷ್ಟನ್ನು ಅವಳು ಬಲ್ಲಳು. ಬಲ್ಲುದಕ್ಕಾಗಿ ಪಾಡುಪಡುವಳು.

ಸೀತೆಯನ್ನು ಇಲ್ಲಿ ನೆನೆಯದಿರುವುದು ಸಾಧ್ಯವಿಲ್ಲ. ಸೀತೆಯು ಮೊದಲನೆಯ ಸಲ ಬೆಂಕಿಯನ್ನು ಹೊಕ್ಕು ಪ್ರಮಾಣ ಕೊಟ್ಟಳು. ಎರಡನೆಯ ಸಲ ಕೇಳಿದಾಗ ಭೂಮಿಯನ್ನು ಹೊಕ್ಕಳು. ಒಮ್ಮೆ ಪ್ರಮಾಣ ಕೊಟ್ಟವರಿಗೆ ಕೊಡುತ್ತಲೇ ಇರಬೇಕಾಗುವುದೆಂಬುದು ಆ ಮಹಾಕಾವ್ಯದ ಕಟುಸತ್ಯ. ಸಂಕಮ್ಮನು ಆ ಪಾಠವನ್ನು ಮೊದಲೇ ಕಲಿತವಳಂತೆ ಮೊದಲನೆಯ ಸಲವೇ ಕೊಡಲಿಲ್ಲ. ಇದನ್ನು ಹೇಳಿ ವಾಲ್ಮೀಕಿಯನ್ನು ಕಡಮೆ ಮಾಡಬೇಕಾಗಿಲ್ಲ. ಓದುಬರಹ ಬಲ್ಲದ ಗುಡ್ಡರ ಪರಂಪರೆಯು ಆ ಪ್ರಶ್ನೆಯನ್ನು ತಾನೇ ಕಂಡು, ತನ್ನದೇ ಉತ್ತರವನ್ನು ಕೊಟ್ಟಿತೆಂಬುದನ್ನು ಗುರುತಿಸಿದರೆ ಸಾಕು.

ದೇವರು ಬಂದಮೇಲೆಯೂ ಈ ಸಾಲು ಕೆಡುವುದಿಲ್ಲ. ಮಾದಪ್ಪನು ಆಕೆಯನ್ನು ಬಿಡಿಸುವನು. ಆದರೆ ಆಕೆ ಭಾಷೆ ಕೊಡದೆ ಹೋದದ್ದು ತಪ್ಪೆಂದು ಕಾವ್ಯವು ಹೇಳುವುದಿಲ್ಲ. ಉಳಿದ ಸಾಲುಗಳಲ್ಲಿ ದೇವರು ಬಂದು ಮನುಷ್ಯರನ್ನು ತಿದ್ದುವನು. ಇಲ್ಲಿ ತಿದ್ದತಕ್ಕದ್ದು ಸಂಕಮ್ಮನಲ್ಲಿ ಏನೂ ಇಲ್ಲ. ಅವನ ಬರವು ಅವಳ ನಿಲವಿಗೆ ಹಾಕಿದ ಒಪ್ಪವಾಗಿದೆ. ದೇವರ ಕಾವ್ಯದಲ್ಲಿ ದೇವರಿಗಿಂತ ಮುಂಚೆ ಸರಿಯಾದ ತೀರ್ಮಾನಕ್ಕೆ ಬಂದವಳು ಇವಳೊಬ್ಬಳೇ.

ಹಾಡಿನ ದೃಷ್ಟಿಯಿಂದಲೂ ಈ ಸಾಲೇ ಮೇಲು. ನೀಲೇಗೌಡನ ಆರ್ಭಟದಲ್ಲಿ ತಾಳ ಏರಬಲ್ಲುದು. ಜೇನುಮಲೆಯ ದಾರಿಯಲ್ಲಿ ಓಡಬಲ್ಲುದು. ಆದರೆ ಸಂಕಮ್ಮನು ಒಲ್ಲೆನೆಂದು ನಿಂತ ಎಡೆಯಲ್ಲಿ ಬಲ್ಲ ಹಾಡುಗಾರನು ಕಂಚನ್ನು ತಗ್ಗಿಸಿ, ಬಟ್ಟಲಿನ ಅಂಚನ್ನು ಮಾತ್ರ ಮುಟ್ಟಿಸಿ, ಮಾತಿಗೆ ದಾರಿ ಬಿಡಬೇಕು. ಹಿಮ್ಮೇಳದವರು ಎತ್ತಿಕೊಳ್ಳುವ ಸೊಲ್ಲು ಅಲ್ಲಿ ಊರಿನ ನಿಟ್ಟುಸಿರಿನಂತೆ ಕೇಳಿಸಬೇಕು. ಒಂದೇ ಸಾಲಿನಲ್ಲಿ ಕಂಚಿನ ಎರಡು ಗುಣಗಳೂ, ಬಡಿಯುವುದೂ ಸುಮ್ಮನಾಗುವುದೂ, ಪರೀಕ್ಷೆಗೆ ಬರುವುದು ಇಲ್ಲಿ ಮಾತ್ರ. ಹಾಡುಗಾರನ ಯೋಗ್ಯತೆಯನ್ನು ತಿಳಿಯಬೇಕಾದರೆ ಶ್ರವಣನ ಸಾಲನ್ನು ಹಾಡಿಸಬೇಕಾಗಿಲ್ಲ, ಸಂಕಮ್ಮನದನ್ನು ಹಾಡಿಸಬೇಕು.

ಒಂದು ಎಚ್ಚರದ ಮಾತನ್ನು ಸೇರಿಸುವುದು ನ್ಯಾಯ. ನೀಲೇಗೌಡನನ್ನು ನೋಡಿ ಸೋಲಿಗರು ಹೀಗೆ ಎಂದು ಯಾರೂ ತಿಳಿಯಕೂಡದು. ಇದು ಹಲವು ಸಮುದಾಯಗಳ ದೇವರಗುಡ್ಡರ ಬಾಯಲ್ಲಿ ಬೆಳೆದ ಕಾವ್ಯ. ಬಿಳಿಗಿರಿರಂಗನ ಬೆಟ್ಟದ, ಮಾದಪ್ಪನ ಬೆಟ್ಟದ ಸೋಲಿಗರಿಗೆ ತಮ್ಮದೇ ಹಾಡುಗಳಿವೆ, ಗೊರುಕನ ಹಾಡು ಕುಣಿತಗಳಿವೆ. ಅವರನ್ನು ಅವರ ಹಾಡಿನಿಂದಲೇ ತಿಳಿಯಬೇಕು. ನೀಲೇಗೌಡನ ಅಂಜಿಕೆಯಾದರೋ ಯಾವ ಒಂದು ಕುಲಕ್ಕೂ ಸೇರಿದುದಲ್ಲ. ಓದುಬರಹವುಳ್ಳ ಮನೆಗಳೂ ಅದಕ್ಕೆ ಹೊರತಲ್ಲವೆಂಬುದನ್ನು ವಾಚಕರು ಬಲ್ಲರು.

೫

ನಮ್ಮ ಕ್ರಮಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಮೊದಲನೆಯದು, ಏಳೂ ಸೇರಿ ಒಂದು ಕಾವ್ಯ. ಒಂದನ್ನು ಎತ್ತಿ ಹಿಡಿದರೆ ಹಾರವನ್ನು ಹರಿದಂತಾಗುವುದು ಎಂಬುದು. ಆಕ್ಷೇಪಣೆಯಲ್ಲಿ ಸತ್ಯವುಂಟು. ರಾಗಿ ಬೀಸಿ ನೊಂದ ದೇವರೇ ಸಂಕಮ್ಮನ ಬಾಗಿಲಿಗೆ ಬಂದನೆಂಬುದನ್ನು ಬಲ್ಲವರಿಗೆ ಅವನ ಕನಿಕರದ ಅರ್ಥ ಬೇರೆಯಾಗುವುದು. ಆದರೆ ಇಡೀ ಕಾವ್ಯವನ್ನು ಕೇಳುವ ತಾಳ್ಮೆ ನಮ್ಮಲ್ಲಿ ಎಷ್ಟು ಜನರಿಗಿದೆ? ಇಡಿಯಾಗಿ ಕೇಳಲಾರೆವು, ಬಿಡಿಯಾಗಿ ತೂಗಲೊಲ್ಲೆವು ಎಂದರೆ ಉಳಿಯುವುದು ಚೂರುಗಳು ಮಾತ್ರ.

ಎರಡನೆಯದು, ಜನರಿಗೆ ಯಾವುದು ಪ್ರಿಯವೋ ಅದೇ ಮೇಲು; ವಿಮರ್ಶಕನ ತೀರ್ಪು ಯಾರಿಗೆ ಬೇಕು ಎಂಬುದು. ಪ್ರಿಯವಾದುದೆಲ್ಲ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ೧೯೯೬ರಲ್ಲಿ ತೆರೆಕಂಡ ‘ಜನುಮದ ಜೋಡಿ’ ಚಲನಚಿತ್ರದ ಮೂಲಕ ‘ಕೋಲುಮಂಡೆ’ಯ ಹಾಡು ನಾಡಿನ ಮೂಲೆಮೂಲೆಗೆ ಹೋಯಿತು, ಮಾದಪ್ಪನ ಹೆಸರನ್ನು ಕೇಳದಿದ್ದವರೂ ಅದನ್ನು ಗುನುಗಿದರು. ಅದು ಲಾಭವೇ. ಆದರೆ ೨೦೨೦ರ ಆಗಸ್ಟಿನಲ್ಲಿ ಚಂದನ್ ಶೆಟ್ಟಿಯವರು ಅದೇ ಹಾಡಿಗೆ ಹೊಸ ರ‍್ಯಾಪ್ ರೂಪ ಕೊಟ್ಟು ದೃಶ್ಯವನ್ನು ಹೊರತಂದಾಗ, ಅದರಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ರೀತಿ ಸರಿಯಲ್ಲವೆಂದು ಈ ಜಿಲ್ಲೆಯಿಂದಲೇ ಆಕ್ಷೇಪ ಎದ್ದಿತು. ದೃಶ್ಯವನ್ನು ಹಿಂತೆಗೆಯಲಾಯಿತು; ಗಾಯಕರು ಕ್ಷಮೆ ಕೋರಿದರು. ಹಳೆಯ ಹಾಡಿಗೆ ಹೊಸ ತಾಳ ಹಾಕಿದ್ದು ಇಲ್ಲಿಯ ತೊಡಕಲ್ಲ. ಹೊಸ ತಾಳಗಳು ಬರಲಿ; ಕಂಚೇನು ಎಲ್ಲಕ್ಕೂ ಹೆದರುವ ಲೋಹವಲ್ಲ. ತೊಡಕು ಇಷ್ಟು: ಪಲ್ಲವಿಯನ್ನು ಬಲ್ಲವರು ಬಹಳ, ಸಾಲನ್ನು ಬಲ್ಲವರು ಕಡಮೆ. ಯಾರ ಮರ್ಯಾದೆಯ ಪ್ರಶ್ನೆಯೇ ಕಥೆಯ ಜೀವವೋ, ಅವಳನ್ನು ಕಥೆಯಿಂದ ಕಿತ್ತು ನೋಟಕ್ಕೆ ನಿಲ್ಲಿಸಿದರೆ ನೀಲೇಗೌಡನ ಸಂಶಯದ ಕಣ್ಣೇ ನಮ್ಮ ಕಣ್ಣಾಗಿಬಿಡುವುದು. ಅಂದು ನೊಂದುಕೊಂಡ ಭಕ್ತರಿಗೆ ಇಡೀ ಸಾಲು ತಿಳಿದಿದ್ದಿತು. ಆ ತಿಳಿವಳಿಕೆ ಮುಂದಿನ ತಲೆಮಾರಿಗೂ ಇದ್ದೀತೇ ಎಂಬುದೇ ನಮ್ಮ ಕಳವಳ. ತಿಳಿವಳಿಕೆಯಿಲ್ಲದ ಮೇಲೆ ನೋವು ಉಳಿದರೂ ಅದು ಬರಿಯ ಕೋಪವಾದೀತು.

ಆದುದರಿಂದ ಈ ವಿಚಾರದಿಂದ ಹೊರಡುವ ಸಲಹೆಯು ಸರಳವಾದುದು. ನಮ್ಮ ಸಂಘಗಳೂ ಶಾಲೆಗಳೂ ಕಂಸಾಳೆಯವರನ್ನು ಮೆರವಣಿಗೆಯ ಮುಂದೆ ನಡೆಸಿ, ವೇದಿಕೆಯ ಮೇಲೆ ಹತ್ತು ನಿಮಿಷ ಕುಣಿಸಿ, ಶಾಲು ಹೊದಿಸಿ ಕಳುಹಿಸುವುದು ಈಗಿನ ಪದ್ಧತಿ. ಮೈಸೂರಿನ ದಸರೆಯ ಮೆರವಣಿಗೆಯಲ್ಲಿ ಅದು ಶೋಭಿಸಬಹುದು. ಅಲ್ಲಿ ಕಣ್ಣಿಗೆ ಕೆಲಸ, ಕಿವಿಗಲ್ಲ. ಆದರೆ ಬೆಟ್ಟದ ತಪ್ಪಲಿನವರಾದ ನಾವು ಅಷ್ಟಕ್ಕೇ ತೃಪ್ತರಾಗಕೂಡದು. ವರ್ಷದಲ್ಲಿ ಒಂದು ಸಂಜೆ, ಎರಡು ಗಂಟೆಯ ಹೊತ್ತು, ಒಂದೇ ಸಾಲನ್ನು ತಲೆಯಿಂದ ಕೊನೆಯವರೆಗೆ ಹಾಡಿಸಬೇಕು. ಮೊದಲ ವರ್ಷ ಸಂಕಮ್ಮನದು; ಮುಂದಿನ ವರ್ಷ ಶ್ರವಣನದು; ಆಮೇಲೆ ರಾಗಿ ಬೀಸಿದ್ದು. ದೇವಮ್ಮ ಕಾಳಮ್ಮರ ಸಾಲುಗಳನ್ನು ವೇದಿಕೆಗೆ ತರದೆ ನಮ್ಮ ಮನೆಯ ಜಗುಲಿಯ ಮೇಲೆಯೇ ಕೇಳೋಣ. ಅವು ಅಲ್ಲಿಯೇ ಬಾಳುವುವು. ನಮ್ಮ ಕ್ರಮವನ್ನು ಒಪ್ಪದವರು ಬೇರೆ ಕ್ರಮವನ್ನು ಹಾಕಿ, ಕಾರಣ ಹೇಳಿ, ಈ ಪತ್ರಿಕೆಗೆ ಬರೆದರೆ ಇನ್ನೂ ಸಂತೋಷ.

ದೇವರಗುಡ್ಡರ ದೀಕ್ಷೆ ಪರಂಪರೆಯಿಂದ ಗಂಡಸರದು. ಸಂಕಮ್ಮನ ಒಲ್ಲೆನೆಂಬ ಮಾತನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದವರೂ ಗಂಡಸರೇ ಎಂಬುದನ್ನು ಮೆಚ್ಚುಗೆಯಿಂದ ಹೇಳಬೇಕು. ಈಗ ನಮ್ಮ ಶಾಲೆಗಳಲ್ಲಿ ಹೆಣ್ಣುಮಕ್ಕಳೂ ಬೀಸು ಕಂಸಾಳೆಯನ್ನು ಕಲಿಯುತ್ತಿರುವರು, ಗಂಡುಮಕ್ಕಳಿಗೆ ಸರಿಸಮನಾಗಿ ಕಂಚನ್ನು ಸುತ್ತಿಸುತ್ತಿರುವರು. ಅವರಿಗೆ ಹೆಜ್ಜೆಯನ್ನು ಕಲಿಸುವ ಉಪಾಧ್ಯಾಯರು ಸಂಕಮ್ಮನ ಸಾಲನ್ನೂ ಕಲಿಸಲಿ.